ಅಮ್ಮನ ಮುಖ ನೋಡುವ ಅಮಾವಾಸ್ಯೆ

"ಲೇ ಮುಂಡೆ, ಸತ್ತೋರು ಇಷ್ಟು ಜೋರಾಗಿ ಕೆಮ್ತಾರೇನೇ? ಬಾಯಿಗೆ ಸೆರಗು ತುರುಕ್ಕೊಂಡು ಒಳಗೆ ಬಿದ್ದಿರು!"

ಈ ಅನಾಥಾಶ್ರಮ ನಡೆಸುವ ಟೀಕಾರಾಮ್ ಸರ್ ಅಡುಗೆಮನೆಯ ಬಾಗಿಲು ಎಳೆದುಕೊಂಡು ಹೋದರು. ಒಗ್ಗರಣೆಯ ಘಾಟು ನನ್ನ ಗಂಟಲು ಹಿಡಿದಿತ್ತು. ಆಚೆ ಅಂಗಳದಲ್ಲಿ ನನ್ನ ಮಗಳು ಜುನ್ಕಿರಿ, ನಾನು ಹೇಗೆ ಸತ್ತೆ ಎಂಬುದನ್ನು ಎಂಟು ಜನ ಬಿಳಿಯರಿಗೆ ಹೇಳುತ್ತಿದ್ದಳು. ಕಥೆಯ ಆ ಜಾಗದಲ್ಲಿ ಕೆಮ್ಮಬಾರದಿತ್ತು. ತಪ್ಪು ನನ್ನದೇ.

"ಗುಡ್ಡ ಕುಸೀತು," ಎನ್ನುತ್ತಿದ್ದಳು ಅವಳು. "ಮನೆ ಮುಚ್ಚೋಯ್ತು. ನಮ್ ಆಮಾದು ಒಂದ್ ಕೈ ಮಾತ್ರ ಮಣ್ಣಿಂದ ಆಚೆ ಕಾಣ್ತಿತ್ತು. ಕೈಯಾಗೆ ಕೆಂಪು ಬಳೆ ಇತ್ತು."

ಬಳೆಯನ್ನು ಸರ್ ಹೇಳಿಕೊಟ್ಟಿರಲಿಲ್ಲ, ಅವಳೇ ಸೇರಿಸಿದ್ದು. ನಾನು ಹಿಟ್ಟು ಮೆತ್ತಿದ ನನ್ನ ಕೈ ನೋಡಿಕೊಂಡೆ. ಎರಡು ಕೆಂಪು ಗಾಜಿನ ಬಳೆ. ಆಚೆ ಯಾರೋ ಮೂಗು ಸೀಟಿದ ಸದ್ದಾಯಿತು. ನನ್ನ ಸಾವು ಚೆನ್ನಾಗಿ ಆಗಿತ್ತು.

ನಾನು ಸತ್ತು ಮೂರು ವರ್ಷ. ನಮ್ಮ ಊರು ನೇಪಾಳದ ಹುಮ್ಲಾ ಜಿಲ್ಲೆಯ ಮೇಲಿನ ಗುಡ್ಡದಲ್ಲಿದೆ, ಅಲ್ಲಿಗೆ ರಸ್ತೆಯಿಲ್ಲ. ಗಂಡ ದುಡಿಯಲು ಗಡಿ ದಾಟಿ ಹೋದವನು ಸುದ್ದಿ ಕಳಿಸಲಿಲ್ಲ. ಒಬ್ಬ ಷರಟಿನವನು ಬಂದು, ಕಾಠ್ಮಂಡುವಿನಲ್ಲಿ ಇಂಗ್ಲಿಷ್ ಶಾಲೆ, ಬೂಟು, ಎರಡು ಹೊತ್ತು ಅನ್ನ ಎಂದ. ನಾಲ್ಕು ವರ್ಷದ ಮಗುವನ್ನು ಕೊಟ್ಟು ಹೆಬ್ಬೆಟ್ಟು ಒತ್ತಿದೆ. ಆ ಕಾಗದದಲ್ಲಿ ತಂದೆ ತಾಯಿ ಇಬ್ಬರೂ ತೀರಿಹೋಗಿದ್ದಾರೆ ಎಂದು ಬರೆದಿತ್ತಂತೆ. ಅಂದು ಒಂದೇ ಮಧ್ಯಾಹ್ನ, ಒಂದೇ ಶಾಯಿಪೆಟ್ಟಿಗೆಯಲ್ಲಿ, ನಮ್ಮ ಊರಿನ ಒಂಬತ್ತು ತಾಯಂದಿರು ಸತ್ತೆವು. ಆಮೇಲೆ ಹುಲ್ಲು ಕೊಯ್ಯಲು ಹೋದೆವು.

ವರ್ಷ ಕಳೆದ ಮೇಲೆ ಐದು ದಿನ ನಡೆದು, ಎರಡು ಬಸ್ಸು ಹತ್ತಿ, ಕೇಳುತ್ತಾ ಕೇಳುತ್ತಾ ಈ ಗೇಟಿಗೆ ಬಂದೆ. ಟೀಕಾರಾಮ್ ಸರ್ ಬೈಯಲಿಲ್ಲ. ಚಹಾ ಕೊಟ್ಟರು.

"ಕರ್ಕೊಂಡೋಗು, ನಾನ್ಯಾಕೆ ಬೇಡ ಅನ್ಲಿ? ದಾರೀಲಿ ಪೊಲೀಸ್ನೋನು ಕೇಳ್ತಾನೆ, ಮಗು ಯಾರ್ದು ಅಂತ. ಕಾಗದ ನನ್ ಹತ್ರ ಇದೆ. ಅದ್ರಲ್ಲಿ ನೀನು ಹೆಣ. ಮಗು ಕದ್ದೋಳು ಅಂತ ಒಳಗೆ ಹಾಕ್ತಾರೆ. ಹೋಗ್ತೀಯೋ, ಅಡುಗೆ ಮಾಡ್ಕೊಂಡು ಇರ್ತೀಯೋ?"

ಇದ್ದೆ. ಮಗಳು ಎಲ್ಲರ ಹಾಗೆ ನನ್ನನ್ನೂ ದಿದಿ, ಅಂದರೆ ಅಕ್ಕ ಎನ್ನಬೇಕು. ಅವಳ ತಟ್ಟೆಗೆ ಒಂದು ಸೌಟು ಹೆಚ್ಚು ಬೀಳಬಾರದು. ನೋಡಲು ಬಂದವರ ಎದುರು ಅವಳ ತಲೆ ಮುಟ್ಟಬಾರದು.

ನೋಡಲು ಬರುವವರಿಗೇನು ಕಡಿಮೆಯಿಲ್ಲ. ಅವರು ಬರುವ ದಿನ ಮಕ್ಕಳ ಒಳ್ಳೆಯ ಸ್ವೆಟರುಗಳು ಪೆಟ್ಟಿಗೆಗೆ ಹೋಗಿ, ಹರಕು ಸ್ವೆಟರುಗಳು ಆಚೆ ಬರುತ್ತವೆ. ಹರಕಿಗೆ ಹೊಲಿಗೆ ಹಾಕಿದರೆ ನನಗೆ ಬೈಗುಳ. ಅವರು ಕೊಟ್ಟ ಗೊಂಬೆ ಸಂಜೆಗೆ ಅಂಗಡಿಗೆ ವಾಪಸು ಹೋಗುತ್ತದೆ, ಮುಂದಿನ ವಾರ ಇನ್ನೊಬ್ಬರ ಕೈಯಲ್ಲಿ ಮತ್ತೆ ಬರುತ್ತದೆ. ನೀಲಿ ಆನೆಯೊಂದು ಹೀಗೆ ಆರು ಸಲ ಬಂದಿದೆ. ಮಕ್ಕಳು ಆರು ಸಲವೂ ಅದನ್ನು ಕಂಡು ಕುಣಿದಿದ್ದಾರೆ. ಚೆನ್ನಾಗಿ ಕುಣಿದವರಿಗೆ ಮೊಟ್ಟೆ.

ಇದನ್ನೆಲ್ಲ ನಾನು ನುಂಗಿದ್ದೆ. ನುಂಗಲಾಗದ್ದು ಬಂದದ್ದು ಹೇನು ತೆಗೆಯುವ ಹೊತ್ತಿನಲ್ಲಿ. ಬಿಳಿಯರು ಹೋದ ಮಾರನೆಯ ದಿನ ಜುನ್ಕಿರಿ ನನ್ನ ಮೊಣಕಾಲ ನಡುವೆ ತಲೆ ಕೊಟ್ಟು ಕೂತಿದ್ದಳು. ಅಡುಗೆಮನೆಯಲ್ಲಿ ಇನ್ನು ಯಾರೂ ಇರಲಿಲ್ಲ.

"ದಿದಿ, ಆಮಾನ ಕೈ ಇನ್ನೂ ಅಲ್ಲೇ ಮಣ್ಣಾಗೇ ಐತಾ?"

ಬಾಚಣಿಗೆ ನಿಂತಿತು. "ಯಾವ ಆಮಾ?"

"ನಮ್ ಆಮಾ. ಗುಡ್ಡ ಬಿದ್ದು ಸತ್ತೋಳು."

"ನಾನ್ಯಾರೇ ಹಂಗಾರೆ?"

ಅವಳು ಮೊದಲು ಬಾಗಿಲ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಅದು ಗೊತ್ತಾದ ಮೇಲೂ, ತಿರುಗಿ ನನ್ನ ಮುಖ ನೋಡಿ, "ದಿದಿ," ಎಂದಳು.

ಮೊದಲೆಲ್ಲ ಹಾಗಿರಲಿಲ್ಲ. ಬಾಗಿಲಲ್ಲಿ ಯಾರೂ ಇಲ್ಲದಿದ್ದರೆ ಕಿವಿಯ ಹತ್ತಿರ ಬಂದು ಆಮಾ ಎಂದು ಉಸುರಿ ಓಡುತ್ತಿದ್ದಳು. ಅಷ್ಟಕ್ಕಾಗಿಯೇ ನಾನು ಆ ಮನೆಯಲ್ಲಿ ಸತ್ತುಕೊಂಡು ಬದುಕಿದ್ದೆ.

ವೈಶಾಖದ ಅಮಾವಾಸ್ಯೆ ಹತ್ತಿರ ಬಂತು. ಅಮ್ಮ ಇರುವವರು ಅಂದು ಅಮ್ಮನಿಗೆ ಸಿಹಿ ತಿನ್ನಿಸಿ ಮುಖ ನೋಡುತ್ತಾರೆ. ಇಲ್ಲದವರು ಮಾತಾತೀರ್ಥದ ಕೊಳಕ್ಕೆ ಹೋಗಿ ನೀರಿಗೆ ಸಿಹಿ ಬಿಟ್ಟು, ಆ ನೀರಿನಲ್ಲಿ ಮುಖ ಹುಡುಕುತ್ತಾರೆ. ಟೀಕಾರಾಮ್ ಸರ್‌ಗೆ ಇದು ಈ ವರ್ಷ ಹೊಳೆಯಿತು.

"ಇಂಡಿಯಾದಿಂದ ಹದಿನಾಲ್ಕು ಜನ ಬರ್ತಿದಾರೆ. ಮಕ್ಕಳನ್ನೆಲ್ಲ ಕೊಳಕ್ಕೆ ಕರ್ಕೊಂಡು ಹೋಗೋದು. ಪೇಡಾ ಬುಟ್ಟಿ ನೀನು ಹೊತ್ಕೋ."

"ಸರ್, ಜುನ್ಕಿರೀನ ಒಬ್ಬಳ್ನ ಬಿಟ್ಬಿಡಿ. ಜ್ವರ ಅನ್ನಿ. ಬದುಕಿರೋಳಿಗೆ ಮಗಳ ಕೈಯಾಗೆ ಎಳ್ಳು ಬಿಡಿಸ್ಬೇಡಿ, ಕಾಲಿಗೆ ಬೀಳ್ತೀನಿ."

"ಅವಳ್ನ ಬಿಟ್ರೆ ಯಾರನ್ನ ತೋರಿಸ್ಲಿ? ಆ ಮಿಕ್ಕಿದ ದನಗಳು ಗುಡ್ಡ ಕುಸೀತು ಅನ್ನೋವಾಗ ಹಲ್ಲು ಕಿರೀತವೆ." ಅವರು ಹಲ್ಲುಕಡ್ಡಿ ತೆಗೆದು ಎಸೆದರು. "ಎರಡು ವರ್ಷ ಹೆಣ ಆಗಿ ನನ್ನ ಅನ್ನ ತಿಂದೆಯಲ್ಲ, ಆಗ ನೋಯ್ಲಿಲ್ವಾ? ಬಾಯಿ ಬಿಟ್ಟು ನೋಡು, ನಿನ್ ಮಗಳು ಸಂಜೆಗೆ ಪೋಖರಾದಲ್ಲಿರೋ ಇಂಥದ್ದೇ ಇನ್ನೊಂದು ಮನೇಲಿರ್ತಾಳೆ. ಅದೆಲ್ಲಿದೆ ಅಂತ ನಿನ್ನಪ್ಪನಿಗೂ ಗೊತ್ತಾಗಲ್ಲ."

ಆ ದಿನ ಬಸ್ಸು ಹತ್ತಕ್ಕೆ ಬಂತು. ದಕ್ಷಿಣದ ಕಡೆಯ ಜನ. ಪಶುಪತಿನಾಥ ಮುಗಿಸಿದ್ದರು, ಮುಕ್ತಿನಾಥ ಬಾಕಿಯಿತ್ತು, ನಡುವೆ ನಾವು. ಗೈಡು ಹಾಳೆ ಹಿಡಿದು ಓದಿದ: "ಹತ್ತು ಗಂಟೆ ಅನಾಥರು, ಹನ್ನೊಂದು ಕೊಳ, ಒಂದು ಗಂಟೆಗೆ ಊಟ." ಅವರವರಲ್ಲೇ ಆಡಿಕೊಳ್ಳುವ ಮಾತಿನಲ್ಲಿ "ಪಾಪ, ಪಾಪ" ಎಂಬುದೊಂದೇ ನನಗೆ ತಿಳಿದದ್ದು. ಯಾರ ಪಾಪ ಎಂದು ನಾನು ಕೇಳಲಿಲ್ಲ.

ರೇಷ್ಮೆ ಸೀರೆಯ ಕೆಳಗೆ ಓಡುವ ಬೂಟು ಹಾಕಿದ್ದ ಒಬ್ಬಾಕೆ ಅಡುಗೆಮನೆಗೇ ಬಂದಳು. ಉಳಿದವರು ವತ್ಸಲಾ ಮೇಡಂ ಎನ್ನುತ್ತಿದ್ದರು. ನನ್ನೊಡನೆ ಹಿಂದಿಯಲ್ಲಿ ಮಾತಾಡಿದಳು.

"ಸಕ್ಕರೆ ಇಲ್ದೆ ಒಂದು ಚಹಾ ಸಿಗತ್ತಾಮ್ಮಾ? ಏನು ನಿನ್ನ ಹೆಸರು?"

"ಪನ್ಸರಾ."

"ಚೆನ್ನಾಗಿದೆ, ಕೇಳೇ ಇರ್ಲಿಲ್ಲ. ಮಕ್ಕಳೆಷ್ಟು ನಿಂಗೆ?"

ನಾನು ಬಾಗಿಲ ಕಡೆ ನೋಡಿದೆ. ಸರ್ ನಿಂತಿದ್ದರು. "ಇಲ್ಲಿರೋರೆಲ್ಲ ನನ್ ಮಕ್ಕಳೇ, ಮೇಡಂ."

ಅವಳ ಕಣ್ಣು ತುಂಬಿತು. ನನ್ನ ಭುಜ ಹಿಡಿದು ಫೋಟೋ ತೆಗೆಸಿಕೊಂಡಳು, ಆಮೇಲೆ ಆ ಕೈಗೆ ಬಾಟಲಿಯಿಂದ ಏನೋ ಹಾಕಿಕೊಂಡು ಉಜ್ಜಿದಳು.

ಮಾತಾತೀರ್ಥದಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಪ್ಪತ್ತೆರಡು ಮಕ್ಕಳು ಹರಕು ಸ್ವೆಟರಿನಲ್ಲಿ ಬೆವರುತ್ತಾ ಒಬ್ಬರ ಹಿಂದೊಬ್ಬರು ನಿಂತರು. ಕೈಗೊಂದು ಎಲೆದೊನ್ನೆ: ಅಕ್ಕಿ, ಎಳ್ಳು, ಒಂದು ಪೇಡಾ. ನಾನು ತಲೆಯ ಮೇಲೆ ಬುಟ್ಟಿ ಹೊತ್ತು ಮೆಟ್ಟಿಲ ಪಕ್ಕ ನಿಂತೆ. ಚಿಕ್ಕ ಕೊಳದ ದಡದಲ್ಲಿ ಒಬ್ಬ ಭಟ್ಟ ಕಾಲು ಜೋಮು ಹಿಡಿದವನ ಹಾಗೆ ಕೂತಿದ್ದ.

"ಇಷ್ಟೂ ಅಮ್ಮಂದಿರು ಸತ್ತವ್ರಾ?" ಎಂದ. "ಒಂದೇ ಮಂತ್ರಕ್ಕೆ ಮುಗಿಸಿಬಿಡ್ಲಾ?"

"ಮೊದಲ್ನೇ ಮಗುದು ಬಿಡಿಬಿಡಿಯಾಗಿ ಮಾಡಿ ಭಟ್ರೇ, ವಿಡಿಯೋ ಇದೆ," ಎಂದರು ಸರ್.

ಹದಿನಾಲ್ಕು ಫೋನು ಮೇಲೆದ್ದವು. ಜುನ್ಕಿರಿ ನೀರಿನ ಪಕ್ಕ ಮಂಡಿಯೂರಿ ಕೂತಳು.

"ಗೋತ್ರ?"

ಅವಳು ಸರ್ ಕಡೆ ನೋಡಿದಳು.

"ಹೋಗ್ಲಿ, ಕಾಶ್ಯಪ ಅನ್ನಣ. ಅಮ್ಮನ ಹೆಸರು?"

ಟೀಕಾರಾಮ್ ಸರ್ ಎಲ್ಲವನ್ನೂ ಕಲಿಸಿದ್ದರು. ಎಲ್ಲಿ ತಡೆಯಬೇಕು, ಎಲ್ಲಿ ತಲೆ ತಗ್ಗಿಸಬೇಕು, ಯಾರ ತೊಡೆಯ ಮೇಲೆ ಹೋಗಿ ಕೂರಬೇಕು. ಹೆಸರೊಂದನ್ನು ಕಲಿಸಿರಲಿಲ್ಲ. ಇಷ್ಟು ವರ್ಷದಲ್ಲಿ ಬಂದು ಅತ್ತು ಹೋದ ಒಬ್ಬರೂ ಸತ್ತವಳ ಹೆಸರೇನು ಎಂದು ಕೇಳಿರಲಿಲ್ಲ.

"ಲಕ್ಷ್ಮಿ, ಲಕ್ಷ್ಮಿ ಅನ್ನು," ಎಂದರು ಸರ್ ಹಲ್ಲಿನ ಸಂದಿಯಲ್ಲಿ.

"ಹೆಸರು ಸರಿಯಾಗಿ ಹೇಳ್ರಪ್ಪ," ಭಟ್ಟ ರೇಗಿದ. "ಎಂಥೆಂಥದೋ ಹೆಸರು ಹೇಳಿದ್ರೆ ಪೇಡಾ ಯಾವಳೋ ತಿಂದ್ಕೊಂಡು ಹೋಗ್ತಾಳೆ. ಮಗೂ, ನೀನ್ ಹೇಳು."

ಜುನ್ಕಿರಿ ಯೋಚಿಸಿದಳು. ತನ್ನ ಪೇಡಾ ಯಾವಳೋ ತಿನ್ನುವುದು ಅವಳಿಗೆ ಸರಿ ಕಾಣಲಿಲ್ಲ.

"ಪನ್ಸರಾ," ಎಂದಳು.

"ಕಾಶ್ಯಪ ಗೋತ್ರದ, ಪರಲೋಕ ಸೇರಿದ ಪನ್ಸರಾ..." ಭಟ್ಟ ರಾಗ ತೆಗೆದ. ಎಳ್ಳು ಮಗಳ ಬೆರಳಿನಿಂದ ಜಾರಿ ನೀರಿಗೆ ಬಿತ್ತು. ನನ್ನ ಕಾಲು ನಿಜವಾಗಿಯೂ ತಣ್ಣಗಾಯಿತು.

ವತ್ಸಲಾ ಮೇಡಂ ಫೋನಿನ ಹಿಂದಿನಿಂದಲೇ ಕೇಳಿದಳು, "ಅದು ನಿಮ್ಮ ಅಡುಗೆಯವಳ ಹೆಸರಲ್ವಾ ಸರ್?"

"ನಮ್ಮ ಕಡೆ ಮನೆಗೊಬ್ಬಳು ಪನ್ಸರಾ ಇರ್ತಾಳೆ ಮೇಡಂ," ಸರ್ ನಕ್ಕರು.

ಪೇಡಾ ಹಿಡಿದ ಮಗಳ ಕೈ ನೀರಿನ ಮೇಲೆ ಚಾಚಿತ್ತು. ಬಿಟ್ಟರೆ ಮುಗಿಯಿತು, ಅವಳ ಪಾಲಿಗೆ ನಾನು ಕಾಗದದಲ್ಲಷ್ಟೇ ಅಲ್ಲ, ಅವಳ ಕೈಯಾರೆ ಸತ್ತವಳು. ನಾನು ಬುಟ್ಟಿಯನ್ನು ತಲೆಯಿಂದ ಇಳಿಸಲಿಲ್ಲ, ಬಿಟ್ಟೆ. ಪೇಡಾಗಳು ಮೆಟ್ಟಿಲ ಮೇಲೆ ಉರುಳಿದವು. ಕೆಳಗೆ ಹೋಗಿ ಮಗಳಿಗೂ ನೀರಿಗೂ ನಡುವೆ, ಒದ್ದೆ ಕಲ್ಲಿನ ಮೇಲೆ ಕೂತೆ.

"ಮಂತ್ರ ನಿಲ್ಸಿ ಭಟ್ರೇ. ಅಷ್ಟು ದೂರಕ್ಕೆ ಯಾಕೆ ಕಳಿಸ್ತೀರಾ? ಅವ್ಳು ಇಲ್ಲೇ ಬುಟ್ಟಿ ಹೊತ್ಕೊಂಡು ನಿಂತಿದ್ಲು."

"ಹುಚ್ಚು ಮುಂಡೇದು ಮೇಡಂ, ಮಕ್ಕಳಿಲ್ಲ ಅಂತ ತಲೆ ಕೆಟ್ಟಿದೆ!" ಸರ್ ಧಾವಿಸಿ ಜುನ್ಕಿರಿಯ ಎಡತೋಳು ಹಿಡಿದರು. ನಾನು ಬಲತೋಳು ಹಿಡಿದೆ. ಒಂದು ಫೋನೂ ಕೆಳಗಿಳಿಯಲಿಲ್ಲ.

"ಕೊಡು ಮಗಳೇ," ಎಂದೆ. "ಇವತ್ತು ಮುಖ ನೋಡೋ ದಿನ. ನೋಡು."

ಅವಳು ಬಾಗಿಲು ಹುಡುಕಿದಳು. ಆ ಕಡೆ, ಈ ಕಡೆ. ಕೊಳಕ್ಕೆ ಬಾಗಿಲಿರಲಿಲ್ಲ. ಆಮೇಲೆ ಕಣ್ಣು ನನ್ನ ಕೈಯ ಬಳೆಯ ಮೇಲೆ ನಿಂತಿತು, ಅಲ್ಲಿಂದ ನಿಧಾನ ಮುಖಕ್ಕೆ ಬಂತು.

"ಆಮಾ," ಎಂದಳು ಸಣ್ಣಗೆ, ಬೈದ ಹಾಗೆ. "ಬಾಯಿ ದೊಡ್ಡದು ಮಾಡು."

ಪೇಡಾ ಹಳಸಿತ್ತು, ಸರ್ ಅಗ್ಗದ್ದು ತಂದಿದ್ದರು. ನಾನು ಅಗಿದು ಅಗಿದು ತಿಂದೆ. ಕ್ಯೂನಲ್ಲಿದ್ದ ಪರವೂರಿನ ಹೆಂಗಸರು ನೂಕುವುದನ್ನು ಬಿಟ್ಟು ನಿಂತರು. ಸರ್‌ನ ಬೆರಳು ನನ್ನ ಮಗಳ ತೋಳಿನಲ್ಲಿ ಇನ್ನೂ ಆಳಕ್ಕೆ ಇಳಿಯಿತು. ನಾನೂ ಬಿಡಲಿಲ್ಲ.

ಭಟ್ಟನಿಗೆ ಹಿಂದಿನ ಜನರ ಚಿಂತೆ. "ನಿಮ್ ಜಗಳ ಆಮೇಲೆ ಮಾಡ್ಕೊಳ್ಳಿ. ಮುಂದಿನೋರು ಯಾರು? ಸತ್ತ ಅಮ್ಮನ ಹೆಸರು ಹೇಳಿ!"

ಮುಂದೆ ನಿಂತಿದ್ದವಳು ನಮ್ಮ ಊರಿನವಳೇ, ಎಂಟು ವರ್ಷದ ಬಿಸ್ನಾ. ದೊನ್ನೆಯನ್ನು ಎದೆಗೆ ಒತ್ತಿಕೊಂಡು ನೀರಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು.

"ಜೌಕಲಾ," ಎಂದಳು. "ಆದ್ರೆ ಅವ್ಳು ಸತ್ತಿಲ್ಲ. ಅವ್ಳಿಗೂ ಪೇಡಾ ಇಷ್ಟ."