ಅನ್ನ ಮುಟ್ಟುವ ಮೊದಲು

ಶಿಕಾರಿಪುರದ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಹೆಸರು ಹೇಳುವ ರಾಜಕುಮಾರನನ್ನು ದಿನಕ್ಕೆ ಹತ್ತು ಮಂದಿಯಾದರೂ ಕಿಟಕಿಗೆ ಬಗ್ಗಿ ಕೇಳುತ್ತಿದ್ದರು: "ಇಲ್ಲಿ ಊಟಕ್ಕೆ ಎಲ್ಲಿ ಚೊಲೋ ಇರ್ತದ್ರೀ?" ಹನ್ನೊಂದು ವರ್ಷದಲ್ಲಿ ಅವನು ಒಬ್ಬರಿಗೂ ತಪ್ಪು ದಾರಿ ತೋರಿಸಿದವನಲ್ಲ. ಯಾವ ಹೋಟೆಲಿನ ಸಾಂಬಾರು ಸಂಜೆ ಹೊತ್ತಿಗೆ ನೀರಾಗುತ್ತದೆ, ಯಾವ ಗಾಡಿಯವನು ಎಣ್ಣೆ ಯಾವಾಗ ಬದಲಿಸುತ್ತಾನೆ, ಎಲ್ಲವೂ ಅವನಿಗೆ ಗೊತ್ತಿತ್ತು. ಆದರೆ ಆ ಶನಿವಾರ ಅದೇ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಳ್ಳಬೇಕಾಗಿ ಬಂದಾಗ ಒಂದು ಹೋಟೆಲೂ ಸರಿ ಕಾಣಲಿಲ್ಲ.

ಸೊರಬದಿಂದ ಶಶಿರೇಖಾ ಬರುವವಳಿದ್ದಳು. ಅಲ್ಲಿನ ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವುದು ಅವಳ ಕೆಲಸ. ಅವನಿಗೆ ಮೂವತ್ತಾರು, ಅವಳಿಗೆ ಮೂವತ್ತಮೂರು. ಸಂಬಂಧ ತಂದ ರಾಜಕುಮಾರನ ಸೋದರಮಾವ ಲೋಕಪ್ಪ, "ಇಬ್ಬರೂ ಸಂಬಳ ತಗೊಳ್ಳೋರು. ಚಾಪೆ ಹಾಸಿ, ತಲೆ ಬಗ್ಗಿಸಿ ಕೂರಿಸೋದೆಲ್ಲ ಯಾಕೆ? ಪೇಟೇಲಿ ಭೇಟಿಯಾಗ್ರಿ, ಏನಾದ್ರೂ ತಿನ್ರಿ" ಎಂದಿದ್ದ.

ತಾಯಿ ಹಾಲಮ್ಮ ಮಾತ್ರ ಎಚ್ಚರಿಸಿದ್ದಳು. "ಅನ್ನದ ವಿಷಯ ನೆನಪಿರ್ಲಿ."

ಅವರಿಬ್ಬರ ಮನೆತನಗಳಲ್ಲೂ ಹೆಣ್ಣು ನೋಡಲು ಹೋದವರು ಉಪ್ಪಿಟ್ಟು ತಿನ್ನಬಹುದು, ಕಾಫಿ ಕುಡಿಯಬಹುದು, ಅನ್ನ ಮುಟ್ಟುವಂತಿಲ್ಲ. ಒಟ್ಟಿಗೆ ಕೂತು ಅನ್ನ ಉಂಡರೆ ಎರಡೂ ಕಡೆಯಿಂದ ಒಪ್ಪಿಗೆ. ಉಣ್ಣದೆ ಎದ್ದರೆ ಸಂಬಂಧ ಅಲ್ಲಿಗೆ ಮುಗಿಯಿತು. ಯಾರೂ ಯಾರ ಮುಖ ನೋಡಿಯೂ ಬೇಡ ಎನ್ನಬೇಕಾಗಿಲ್ಲ.

ಅಂದಿನಿಂದ ರಾಜಕುಮಾರನಿಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ. ಊಟದ ಹೋಟೆಲಿಗೆ ಕರೆದರೆ ಬಂದ ಕೂಡಲೇ ಒಪ್ಪಿಗೆ ಕೇಳಿದಂತಾಗುತ್ತದೆ. ಅಷ್ಟು ದೂರದಿಂದ ಬಂದ ಹೆಣ್ಣುಮಗಳು ತಟ್ಟೆಯ ಮುಂದೆ ಹೇಗೆ ಬೇಡ ಎಂದಾಳು? ಹಾಗಾಗಿ ಅನ್ನ ಸಿಗದ ಜಾಗಗಳನ್ನಷ್ಟೇ ಆರಿಸಿ ಅವನು ಜೇಬಿನ ನೋಟ್‌ಪುಸ್ತಕದಲ್ಲಿ ಬರೆದುಕೊಂಡ. ಅನುಮಾನ ಬಂದಾಗಲೆಲ್ಲ ತಾಯಿಗೆ ಫೋನು ಮಾಡಿದ.

"ಅವ್ವ, ಇಡ್ಲಿ ಅಕ್ಕಿಯದಲ್ಲ?"

"ಇಡ್ಲಿ ಅನ್ನ ಅಲ್ಲ ಕಣೋ."

"ಪುಳಿಯೋಗರೆ?"

"ಅದು ಅನ್ನ."

"ಅವಲಕ್ಕಿ?"

"ಫೋನಿಡ್ತೀಯೋ, ನಾನೇ ಬಸ್ ಹತ್ತಿ ಬರ್ಲೋ?"

ಐದೂವರೆಗೆ ಸೊರಬದ ಬಸ್ಸು ಬಂತು. ಮೈಕನ್ನು ಜೊತೆಗಾರ ಗಣೇಶನಿಗೆ ಒಪ್ಪಿಸಿ ರಾಜಕುಮಾರ ಬಾಗಿಲ ಹತ್ತಿರ ನಿಂತಿದ್ದ. ಇಳಿದವಳು ಅವನ "ಬರ್ರಿ, ನಮಸ್ಕಾರ" ಕೇಳಿ ತಲೆ ಓರೆ ಮಾಡಿದಳು.

"ನಿಮ್ಮ ದನಿ ನಂಗೆ ಮೊದಲೇ ಗೊತ್ತು ಮಾರಾಯ್ರೆ. ದಾವಣಗೆರೆಗೆ ಅಕ್ಕನ ಮನೆಗೆ ಹೋಗುವಾಗೆಲ್ಲ ಇಲ್ಲಿ ಕೇಳ್ತಿದ್ದೆ. ದಪ್ಪ ಮೀಸೆಯವರು ಅಂದ್ಕೊಂಡಿದ್ದೆ."

ಅವನು ಬೋಳು ಮೇಲ್ದುಟಿಯನ್ನು ಮುಟ್ಟಿ ನೋಡಿಕೊಂಡ. "ಮೀಸೆ ಬಿಡ್ಬೇಕಾಗಿತ್ತೇನ್ರೀ?"

"ಬೇಡ. ಹೀಗೇ ಇರ್ಲಿ."

ಆ ಎರಡು ಮಾತಿಗೇ ಪೇಟೆ ನೆಲದಿಂದ ಒಂದು ಗೇಣು ಮೇಲೆದ್ದಂತಾಯಿತು. ಹೊತ್ತು ಮುಳುಗುತ್ತಿತ್ತು. ಒಂದೊಂದು ಗಾಡಿಯಲ್ಲೂ ದೀಪ ಹತ್ತಿ, ಅದರ ಮೇಲೆ ಆವಿ ಏರಿ, ದೀಪಗಳೆಲ್ಲ ನೀರೊಳಗೆ ತೇಲಿದಂತೆ ಕಾಣುತ್ತಿದ್ದವು. ಹುಬ್ಬಳ್ಳಿ ಕಡೆಯವನ ಗಾಡಿಯಲ್ಲಿ ಗಿರ್ಮಿಟ್ ತಿಂದರು. ಮಂಡಕ್ಕಿಯ ಮೇಲೆ ಗಾಡಿಯವನು ಈರುಳ್ಳಿ ಉದುರಿಸುವುದನ್ನು ಶಶಿರೇಖಾ ಹಬ್ಬ ನೋಡುವವಳಂತೆ ನೋಡಿದಳು. ಉಡುಪಿಯವರ ಹೋಟೆಲಿನಲ್ಲಿ ಒಂದೇ ದೋಸೆಯನ್ನು ಎರಡು ಕಡೆಯಿಂದ ಮುರಿಯುತ್ತ ಬಂದರು. ನಡುವಿನ ಪಲ್ಯದ ಹತ್ತಿರ ಇಬ್ಬರ ಕೈಯೂ ನಿಂತಿತು. ಮಸೀದಿ ರಸ್ತೆಯಲ್ಲಿ ಮುದುಕ ಸಾಬರು ಸಮೋಸದ ಜೊತೆ ಕೇಳದೆಯೇ ಎರಡು ಹಸಿಮೆಣಸಿನಕಾಯಿ ಇಟ್ಟು, "ಖಾರ ಅಂದ್ರೆ ನಗ್ರಿ, ಇಳೀತದೆ" ಎಂದರು. ಅವಳು ನಿಜವಾಗಿಯೂ ನಕ್ಕಳು. ಆ ನಗೆ ಬಹಳ ಹೊತ್ತು, ಕೆರೆಯ ಕಡೆಯಿಂದ ಬರುವ ತಣ್ಣನೆ ಗಾಳಿಯ ಜೊತೆಗೇ, ಅವನ ಪಕ್ಕದಲ್ಲಿ ನಡೆದು ಬಂತು.

ಎಷ್ಟು ಭಾಷೆಗಳು ಕಿವಿಗೆ ಬಿದ್ದವೋ! ರಾಜಸ್ಥಾನದವರ ಮಿಠಾಯಿ ಅಂಗಡಿಯಲ್ಲಿ ಒಂದು, ನೇಪಾಳದ ಅಣ್ಣತಮ್ಮಂದಿರ ಮೊಮೊ ಎಂಬ ಮೈದಾ ಕಡುಬಿನ ಗಾಡಿಯಲ್ಲಿ ಇನ್ನೊಂದು. ದಿನವೂ ನಡೆದಾಡುವ ರಸ್ತೆ ಯಾರೋ ನಿದ್ದೆಯಲ್ಲಿ ಹೇಳಿದ ಊರಿನ ಹಾಗಿತ್ತು. ಹೀಗೇ ನಡೆಯುತ್ತಿದ್ದರೆ ಏನನ್ನೂ ಕೇಳಬೇಕಾಗಿಲ್ಲ, ಏನನ್ನೂ ಕಳೆದುಕೊಳ್ಳಬೇಕಾಗಿಲ್ಲ ಎಂದುಕೊಂಡ ರಾಜಕುಮಾರ. ಅವನು ಗಮನಿಸದೇ ಹೋದದ್ದೆಂದರೆ, ಮೊಮೊ ತಟ್ಟೆ ಕೈಗೆ ಬಂದಾಗಿನಿಂದ ಶಶಿರೇಖಾ ಮಾತು ನಿಲ್ಲಿಸಿದ್ದಳು.

ಏಳೂಕಾಲಾಯಿತು. ಸೊರಬಕ್ಕೆ ಹೋಗುವ ಕೊನೆಯ ಬಸ್ಸು ಏಳು ಮುಕ್ಕಾಲಿಗೆ.

"ಇನ್ನು ಕೇರಳದವರ ಬೇಕರಿ ಐತ್ರೀ. ಅಲ್ಲಿ ಬಾಳೆಹಣ್ಣಿನ ಬಜ್ಜಿ..."

ಶಶಿರೇಖಾ ಬೇಕರಿಯ ಮುಂದೆ ನಿಂತುಬಿಟ್ಟಳು. "ಒಂದು ಕೇಳ್ಲಾ? ನಿಮ್ಮೂರಲ್ಲಿ ಯಾರೂ ಅನ್ನ ಬೇಯಿಸೋದಿಲ್ವಾ?"

ಅವನು ಬೇಕರಿಯತ್ತ ಚಾಚಿದ್ದ ಕೈಯನ್ನು ಕೆಳಗಿಳಿಸಿದ.

"ಗಿರ್ಮಿಟ್ ತನಕ ಸರಿ ಇತ್ತು. ದೋಸೆ ಆಯ್ತು, ಸಮೋಸ ಆಯ್ತು, ಮುಂದೆ ಊಟಕ್ಕೆ ಕರೀತಾರೆ ಅಂದ್ಕೊಂಡೆ. ಮೊಮೊ ಬಂತು ನೋಡಿ, ಆಗ ಗೊತ್ತಾಯ್ತು. ನಿಮಗೆ ಮನಸ್ಸಿಲ್ಲ. ಬಾಯಿಬಿಟ್ಟು ಹೇಳ್ಲಿಕ್ಕೆ ಆಗದೆ ಬಗೆಬಗೆ ತಿನ್ನಿಸಿ ಬಸ್ ಹತ್ತಿಸ್ತಾ ಇದೀರಿ. ಇರ್ಲಿ, ಎಲ್ಲ ರುಚಿಯಾಗಿತ್ತು." ಕೊನೆಯ ಮಾತಿಗೆ ಅವಳ ದನಿ ತುಸು ಒಡೆಯಿತು.

ಸಾವಿರಾರು ಜನರಿಗೆ ದಿನವೂ ದಾರಿ ಹೇಳುವ ರಾಜಕುಮಾರ ಜೇಬಿನಿಂದ ನೋಟ್‌ಪುಸ್ತಕ ತೆಗೆದು ಅವಳ ಕೈಗಿಟ್ಟ. ಬೇಕರಿಯ ಟ್ಯೂಬ್‌ಲೈಟಿನ ಕೆಳಗೆ ಅವಳು ಓದತೊಡಗಿದಳು. ಪ್ರತಿಯೊಂದು ಜಾಗದ ಮುಂದೆಯೂ ಅವನ ದುಂಡು ಅಕ್ಷರದಲ್ಲಿ ಒಂದು ಸಾಲಿತ್ತು. 'ಗಿರ್ಮಿಟ್. ಅನ್ನ ಇಲ್ಲ. ಅವರಿಗೆ ಮುಜುಗರ ಆಗದು.' 'ಇಡ್ಲಿ. ಅವ್ವ ಅನ್ನ ಅಲ್ಲ ಅಂದಳು. ಹಾಗಾದರೆ ದೋಸೆಯೂ ಅಲ್ಲ.' 'ಮೊಮೊ. ಒಳಗೆ ಕೋಸು. ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ.' ಎಲ್ಲಕ್ಕಿಂತ ಕೆಳಗೆ, ಬರೆದು ಹೊಡೆದು ಹಾಕಿ ಮತ್ತೆ ಬರೆದದ್ದು: 'ಶೇಷಮ್ಮನ ಖಾನಾವಳಿ. ಅವರಾಗಿ ಕೇಳಿದರೆ ಮಾತ್ರ. ಕೇಳಲಿಕ್ಕಿಲ್ಲ.'

"ಕೇಳ್ಲಿಕ್ಕಿಲ್ಲ ಅಂತ ಯಾರು ಹೇಳಿದ್ರು ನಿಮಗೆ?" ಎಂದಳು ಶಶಿರೇಖಾ. ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗುವಿತ್ತು. "ಎಂತಾ ಜನ ಮಾರಾಯ್ರೆ! ನಡೀರಿ, ಎಲ್ಲಿದೆ ಅದು?"

ನಿಲ್ದಾಣದ ಹಿಂದಿನ ಓಣಿಯಲ್ಲೇ ಇತ್ತು. ಕಿಟಕಿಗೆ ಬಗ್ಗಿ ಕೇಳಿದವರಿಗೆಲ್ಲ ಹನ್ನೊಂದು ವರ್ಷ ಅವನು ತೋರಿಸುತ್ತ ಬಂದ ಜಾಗ, ತಾನೂ ದಿನ ಮಧ್ಯಾಹ್ನ ಉಣ್ಣುವ ಜಾಗ. ಇಬ್ಬರೂ ಓಡುತ್ತಲೇ ಒಳಗೆ ಹೋದರು.

ಶೇಷಮ್ಮ ಸೌಟು ಹಿಡಿದು ಹೊರಗೆ ಬಂದಳು. "ಅನ್ನ ತೀರಿತಲ್ಲೋ ರಾಜಣ್ಣ! ಈಗಷ್ಟೇ ಮತ್ತೆ ಇಟ್ಟೀನಿ. ರೊಟ್ಟಿ ಹಾಕ್ಲಾ?"

"ರೊಟ್ಟಿ ಬೇಡ!" ಇಬ್ಬರೂ ಒಟ್ಟಿಗೇ ಅಂದರು.

ಶೇಷಮ್ಮ ಇವನನ್ನು ನೋಡಿದಳು, ಅವಳನ್ನು ನೋಡಿದಳು. ಒಳಗೆ ಹೋಗಿ ಉರಿ ದೊಡ್ಡದು ಮಾಡಿದಳು.

ಗೋಡೆಯ ಗಡಿಯಾರದಲ್ಲಿ ಏಳೂವರೆ. ಖಾಲಿ ತಟ್ಟೆಗಳ ಮುಂದೆ ಇಬ್ಬರೂ ಕೂತರು. ಒಳಗಿನ ಪಾತ್ರೆಯಲ್ಲಿ ಅಕ್ಕಿ ಕುದಿಯುವ ಸದ್ದು ದೂರದ ಮಳೆಯಂತೆ ಕೇಳುತ್ತಿತ್ತು. ಅದರ ಪರಿಮಳ ಓಣಿಯೆಲ್ಲ ತುಂಬಿ, ಹೊರಗಿನ ಹಾರನ್ನು, ಕೂಗು, ದೀಪ ಎಲ್ಲವನ್ನೂ ಮೆತ್ತಗೆ ಹಿಂದಕ್ಕೆ ತಳ್ಳಿತು. ಕಾಯುವುದು ಇಷ್ಟು ಹಿತವಾಗಿರುತ್ತದೆಂದು ರಾಜಕುಮಾರನಿಗೆ ತಿಳಿದಿರಲಿಲ್ಲ. ಶಶಿರೇಖಾ ಬಟ್ಟಲಿನ ಮೊಸರನ್ನು ಚಮಚದಲ್ಲಿ ಓರೆ ಮಾಡಿ, ಬೆರಳ ತುದಿಗೆ ಹಚ್ಚಿ ನೋಡಿದಳು.

"ನೀರು ಹಾಕಿಲ್ಲ. ಒಳ್ಳೆ ಹೆಂಗಸು."

ಏಳು ನಲವತ್ತಕ್ಕೆ ಅನ್ನ ಬಂತು. ಹೊರಗೆ ಮೈಕಿನಲ್ಲಿ ಗಣೇಶನ ದನಿಯೂ ಬಂತು: "ಶಿರಾಳಕೊಪ್ಪ ಮಾರ್ಗವಾಗಿ ಸೊರಬಕ್ಕೆ ಹೋಗುವ..."

"ಸುಡ್ತದ್ರೀ, ಸ್ವಲ್ಪ ಆರ್ಲಿ" ಎಂದ ರಾಜಕುಮಾರ.

"ಸುಡ್ಲಿ. ನೀವೂ ತಗೊಳ್ಳಿ, ಒಟ್ಟಿಗೆ."

ಅವಳು ಮೊಸರು ಸುರಿದು ಕಲಸಿದಳು, ಬೆರಳು ಊದಿಕೊಂಡಳು, ಮತ್ತೆ ಕಲಸಿದಳು. ಇಬ್ಬರೂ ಒಂದೇ ಸಲ ತುತ್ತು ಬಾಯಿಗಿಟ್ಟರು. ನಾಲಿಗೆ ಸುಟ್ಟು ಇಬ್ಬರ ಕಣ್ಣಲ್ಲೂ ನೀರು ಬಂತು. ಗಣೇಶ ಎರಡನೆಯ ಸಲ ಕೂಗಿದ. ಬಸ್ಸು ಯಾವ ಅಂಕಣದಲ್ಲಿ ನಿಂತಿದೆ ಎಂದು ಹೇಳಿದ್ದು ರಾಜಕುಮಾರನಿಗೆ ಕೇಳಿಸಲೇ ಇಲ್ಲ.

ನಾಲ್ಕು ತುತ್ತು ಉಂಡು, ಕೈಗೆ ಅರೆಬರೆ ನೀರು ಹಾಕಿಕೊಂಡು ಅವಳು ಓಡಿದಳು. ಹೊರಟ ಬಸ್ಸಿನ ಕಿಟಕಿಯಿಂದ ಅವಳು ಬೀಸಿದ ಕೈಯ ಮಣಿಕಟ್ಟಿನಲ್ಲಿ ಒಂದು ಅಗುಳು ಅಂಟಿಕೊಂಡೇ ಇತ್ತು.

ಜೇಬಿನಲ್ಲಿ ಫೋನು ಗುನುಗಿತು. "ಏನೇನು ತಿಂದ್ರೋ?" ಎಂದಳು ಹಾಲಮ್ಮ.

"ಮೊದ್ಲು ಗಿರ್ಮಿಟ್ ಅವ್ವ. ಆಮೇಲೆ ದೋಸೆ, ಒಂದೇ. ಆಮೇಲೆ ಸಾಬರ ಹತ್ರ ಸಮೋಸ..." ಅವನು ಒಂದನ್ನೂ ಬಿಡದೆ, ಕ್ರಮ ತಪ್ಪದೆ ಹೇಳುತ್ತ ಹೋದ. ಆ ಕಡೆ ತಾಯಿ ಉಸಿರು ಹಿಡಿದು ಕಾಯುತ್ತಿರುವುದು ಅವನಿಗೆ ಹೊಳೆಯಲೇ ಇಲ್ಲ.