ಮೂಲೆಯ ಒಲೆ

ದೇವನಹಳ್ಳಿ ಕೋಟೆಯಿಂದ ವಿಜಯಪುರದ ಕಡೆ ಹೋಗುವ ರಸ್ತೆಯಲ್ಲಿ, ಹುಣಸೆ ತೋಪು ದಾಟಿದ ಮೇಲೆ ಅಪ್ಪಯ್ಯಣ್ಣನ ನೂಲಿನ ಕೊಟ್ಟಿಗೆ ಇತ್ತು. ನಾಡಹೆಂಚಿನ ಉದ್ದನೆಯ ಚಾವಣಿ, ಎರಡು ಸಾಲು ಒಲೆ, ಒಲೆ ಮೇಲೆ ಬಾಣಲೆ, ಬಾಣಲೆ ಎದುರಿಗೆ ಚರಕ. ಕುದಿಯುವ ನೀರಿಗೆ ರೇಷ್ಮೆಗೂಡು ಸುರಿದು, ಬೆರಳಲ್ಲೇ ಎಳೆ ಹುಡುಕಿ ಹಿಡಿದು ಚರಕಕ್ಕೆ ಕೊಡುವುದು ಹೆಂಗಸರ ಕೆಲಸ. ಯುದ್ಧ ಜೋರಾದ ಮೇಲೆ ಆ ನೂಲಿಗೆ ಎಲ್ಲಿಲ್ಲದ ಗಿರಾಕಿ ಬಂದಿತ್ತು. ವಿಮಾನದಿಂದ ಧುಮುಕುವ ಸಿಪಾಯಿಗಳ ಛತ್ರಿಗೆ ರೇಷ್ಮೆಯೇ ಆಗಬೇಕಂತೆ ಎಂದು ಊರೆಲ್ಲ ಮಾತಾಡಿಕೊಳ್ಳುತ್ತಿದ್ದರು. ಆ ಛತ್ರಿ ಯಾವ ದೇಶದ ಆಕಾಶದಲ್ಲಿ ಬಿಚ್ಚಿಕೊಂಡಿತೋ ಒಲೆ ಮುಂದಿನ ಹೆಂಗಸರಿಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಕೂಲಿಯ ಜೊತೆ ಅಳೆದುಕೊಡುತ್ತಿದ್ದ ರಾಗಿ. ಅಂಗಡಿಯಲ್ಲಿ ರಾಗಿ ಕಣ್ಣಿಗೆ ಬೀಳುತ್ತಿರಲಿಲ್ಲ, ರೇಷನ್ನಿನದು ಅರೆಹೊಟ್ಟೆಗೂ ಸಾಲುತ್ತಿರಲಿಲ್ಲ. ಕೊಟ್ಟಿಗೆಯ ಕೆಲಸ ತಪ್ಪಿದರೆ ಮನೆಯಲ್ಲಿ ಹಿಟ್ಟಿನ ಗಡಿಗೆ ಬೋರಲು ಹಾಕಬೇಕಾಗಿತ್ತು.

ಸಪ್ಪಲಮ್ಮನ ಗಂಡ ಅಸ್ಸಾಮಿನ ಕಡೆ ರಸ್ತೆ ಕಡಿಯೋ ಕೆಲಸಕ್ಕೆಂದು ಕಂತ್ರಾಟುದಾರನ ಹಿಂದೆ ಹೋದವನು ಬದುಕಿದ್ದಾನೋ ಇಲ್ಲವೋ ಸುದ್ದಿಯಿಲ್ಲ. ಮನೆಯಲ್ಲಿ ಕಣ್ಣು ಮಂಜಾದ ಅತ್ತೆ, ಎರಡು ಹೆಣ್ಣುಮಕ್ಕಳು. ಕೆಲಸದಲ್ಲಿ ಅವಳ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಆ ಬಾಯಿಯೇ ಅವಳನ್ನು ಮೂಲೆಗೆ ತಳ್ಳಿಸಿತು.

ಧಣಿ ಅಪ್ಪಯ್ಯಣ್ಣನ ಭಾಮೈದ ಆದಿನಾರಾಯಣಪ್ಪ ಆ ವರ್ಷ ಮೇಸ್ತ್ರಿಯಾಗಿ ಬಂದಿದ್ದ. ಬೆಂಗಳೂರಿನ ಯಾವುದೋ ಗಿರಣಿಯಲ್ಲಿದ್ದು ಬಂದವನು. ಬಂದವನೇ ಒಂದು ಹೊಸ ಪದ್ಧತಿ ಇಟ್ಟ. ಸೋಮವಾರ ಬೆಳಿಗ್ಗೆ ಒಲೆ ಹಚ್ಚುವ ಮೊದಲು ದೀಪದ ಮುಂದೆ ಹೆಂಗಸರೆಲ್ಲ ಸಾಲಾಗಿ ನಿಂತು, ಧಣಿ ತನಗೆ ಮಾಡಿದ ಉಪಕಾರವೇನು ಅಂತ ಒಬ್ಬೊಬ್ಬಳೂ ಬಾಯಿಬಿಟ್ಟು ಹೇಳಬೇಕು. "ಇಂಥಾ ಕಷ್ಟಕಾಲದಲ್ಲಿ ಉಪಕಾರ ನೆನೆಯೋರಿಗೆ ಕಷ್ಟ ತಡ್ಕೊಳೋ ಶಕ್ತಿ ಬರ್ತದೆ," ಅನ್ನುತ್ತಿದ್ದ. ಚೆನ್ನಾಗಿ ನೆನೆದವರಿಗೆ ಚೀಲದ ಮೇಲಿನ ರಾಗಿ. ತೊದಲಿದವರಿಗೆ ತಳದ ರಾಗಿ, ಅದರಲ್ಲಿ ಕಾಲುಭಾಗ ಮಣ್ಣು. ಹೆಂಗಸರು ಬೇಗ ಕಲಿತರು. ಧಣಿ ತಾಯಿ, ಧಣಿ ತಂದೆ, ಧಣಿ ಸಾಕ್ಷಾತ್ ಮನೆದೇವರು ಎಂದು ಒಬ್ಬರಿಗಿಂತ ಒಬ್ಬರು ಮೇಲೆ ಹೋದರು.

ಒಂದು ಸೋಮವಾರ ಸಪ್ಪಲಮ್ಮನ ಸರದಿ ಬಂತು. ಹಿಂದಿನ ದಿನ ಅವಳ ಚಿಕ್ಕ ಮಗಳು ಮುದ್ದೆ ಕಚ್ಚಿ ಕಲ್ಲಿಗೆ ಹಲ್ಲು ಮುರಿದುಕೊಂಡಿದ್ದಳು.

"ಧಣೇರು ರಾಗಿ ಕೊಟ್ರು," ಎಂದಳು. "ರಾಗಿ ಜೊತೆ ಮಣ್ಣೂ ಕೊಟ್ರು. ಮಣ್ಣಿಗೆ ಅಂತ ಬೇರೆ ಕೂಲಿ ಮುರ್ಕೊಳ್ಲಿಲ್ಲ. ಅದೇ ದೊಡ್ಡ ಉಪಕಾರ ಸಾಮಿ."

ಯಾರೋ ಕಿಸಕ್ಕೆಂದರು. ಮೇಸ್ತ್ರಿ ಆ ಕಡೆ ತಿರುಗಿದ ಕೂಡಲೇ ನಗು ಸತ್ತಿತು. ಅವನು ಗದರಲಿಲ್ಲ. ಕೈಯಲ್ಲಿದ್ದ ಬೆತ್ತದಿಂದ ಕೊಟ್ಟಿಗೆಯ ಹಿಂದಿನ ಮೂಲೆ ತೋರಿಸಿ, "ಇವತ್ತಿಂದ ಅಲ್ಲಿ ಕೂತ್ಕೊ," ಎಂದ.

ಆ ಮೂಲೆಯ ಗೋಡೆಗೆ ಹೊಗೆ ಹೋಗುವ ಕಿಂಡಿ ಇರಲಿಲ್ಲ. ಎರಡು ಸಾಲಿನ ಹೊಗೆಯೂ ಚಾವಣಿಗೆ ಬಡಿದು ಅಲ್ಲೇ ಬಂದು ಇಳಿಯುತ್ತಿತ್ತು. ಅಲ್ಲಿ ಕೂತವರು ವರ್ಷ ತುಂಬುವುದರೊಳಗೆ ಕೆಮ್ಮು ಹತ್ತಿಸಿಕೊಂಡು ಕೆಲಸ ಬಿಡುತ್ತಿದ್ದರು. ಸಪ್ಪಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೋಗಿ ಕೂತಳು. ಆ ವಾರ ಎಲ್ಲರಿಗೂ ತಳದ ರಾಗಿಯೇ ಬಂತು. ಮೇಸ್ತ್ರಿಯ ಲೆಕ್ಕಾಚಾರ ಸರಿಯಾಗಿತ್ತು. ಹೆಂಗಸರು ಅವನನ್ನು ಬಿಟ್ಟು ಸಪ್ಪಲಮ್ಮನನ್ನು ಬೈದರು.

ಎಲ್ಲರಿಗಿಂತ ಹೆಚ್ಚು ಬೈದವಳು ಅಮ್ಮಯಮ್ಮ. ಅವಳು ಜಮೀನಿದ್ದ ಮನೆತನದ ಸೊಸೆ. ಗಂಡ ಸತ್ತ ಮೇಲೆ ಮೈದುನರು ಹೊಲದ ಬದುವಿಗೂ ಕಾಲಿಡಗೊಡದೆ ಅಟ್ಟಿದ್ದರು. ಧಣಿಗೆ ದೂರದ ಸಂಬಂಧ, ವರಸೆಯಲ್ಲಿ ತಂಗಿ. ಆ ಸಂಬಂಧದಿಂದ ಅವಳಿಗೆ ಸಿಕ್ಕಿದ್ದು ಬಾಗಿಲ ಪಕ್ಕದ ಗಾಳಿಯಾಡುವ ಒಲೆ ಒಂದೇ. ಕೂಲಿಗೆ ಬಂದರೂ ಜಾತಿಯ ಬಿಗಿ ಬಿಟ್ಟಿರಲಿಲ್ಲ. ತನ್ನ ನೀರಿನ ತಂಬಿಗೆ ಬೇರೆ ಇಟ್ಟುಕೊಳ್ಳುತ್ತಿದ್ದಳು. ಸಪ್ಪಲಮ್ಮನ ಕೇರಿಯವರಿಗೆ ಬಾಯಾರಿದರೆ ಮೇಲಿಂದ ಕೈಗೆ ಹೊಯ್ಯುತ್ತಿದ್ದಳು.

"ಒಬ್ಳ ನಾಲಿಗೆ ತೀಟೆಗೆ ಊರಿನೋರೆಲ್ಲ ಮಣ್ಣು ತಿನ್ಬೇಕು," ಎಂದು ಎಲ್ಲರಿಗೂ ಕೇಳುವ ಹಾಗೆ ಅಂದಳು. "ಹಸಿದೋಳಿಗೆ ಪೌರುಷ ಯಾಕೆ?"

"ಹಸಿದಿರೋದು ಹೊಟ್ಟೆ ಕಣಮ್ಮ, ಬಾಯಲ್ಲ," ಎಂದಳು ಸಪ್ಪಲಮ್ಮ ಮೂಲೆಯಿಂದ. ಆಮೇಲೆ ಇಬ್ಬರಿಗೂ ಮಾತು ನಿಂತಿತು.

ಮೂಲೆಯಲ್ಲಿ ದಿನಗಳು ಉರುಳಿದವು. ಸಪ್ಪಲಮ್ಮ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡಳು. ಕಣ್ಣು ಕೆಂಡವಾದವು. ಬೆರಳ ಸಂದಿ ಬಿಸಿನೀರಿಗೆ ಬೆಂದು, ಬಿಳಿಚಿ, ಹುಣ್ಣಾದವು. ಸಂಜೆ ಹೊಂಗೆಎಣ್ಣೆ ಸವರಿದರೆ ಬೆಳಿಗ್ಗೆ ಮತ್ತೆ ಬಿಸಿನೀರು. ಹೊಗೆಯಲ್ಲಿ ಎಳೆ ಕಾಣದೆ ತುಂಡಾದರೆ ಮೇಸ್ತ್ರಿ ಅವಳ ರಾಗಿ ಕಡಿಮೆ ಮಾಡುತ್ತಿದ್ದ. "ತಪ್ಪಾಯ್ತು ಅಂತ ಒಂದ್ಮಾತು ಅನ್ನು, ಮುಂದಕ್ಕೆ ಬಾ," ಎಂದು ದಿನವೂ ಒಮ್ಮೆ ಹೇಳಿ ಹೋಗುತ್ತಿದ್ದ. ಅವಳು ತಲೆಯೆತ್ತುತ್ತಿರಲಿಲ್ಲ. ಅವಳನ್ನು ಬೆಳಿಗ್ಗೆ ಎಬ್ಬಿಸಿ ಕೊಟ್ಟಿಗೆಗೆ ನಡೆಸುತ್ತಿದ್ದದ್ದು ಧೈರ್ಯವೂ ಅಲ್ಲ, ದೇವರ ಮೇಲಿನ ಭಾರವೂ ಅಲ್ಲ. ಬರೀ ದ್ವೇಷ. ಇವನ ಕಣ್ಣ ಮುಂದೆ ಬೀಳಬಾರದು ಅನ್ನುವ ಒಂದೇ ಹಠವನ್ನು ಅವಳು ಅಂಬಲಿಯ ಹಾಗೆ ದಿನಾ ಕುಡಿದು ಬರುತ್ತಿದ್ದಳು.

ಆದರೂ ಬಿದ್ದಳು. ಒಂದು ಮಧ್ಯಾಹ್ನ ಕೆಮ್ಮು ಹಿಡಿದು ನಿಲ್ಲದೆ, ಕಣ್ಣು ಕತ್ತಲೆ ಬಂದು ಮುಂದಕ್ಕೆ ವಾಲಿದಳು. ಅವಳ ಚರಕ ತಿರುಗಿಸುತ್ತಿದ್ದ ಸೊಣ್ಣಮ್ಮ ಜುಟ್ಟು ಹಿಡಿದು ಹಿಂದಕ್ಕೆಳೆಯದಿದ್ದರೆ ಮುಖ ಬಾಣಲೆಗೇ ಬೀಳುತ್ತಿತ್ತು. ಮೇಸ್ತ್ರಿ ಬಂದು ನೋಡಿ, "ಎಬ್ಸಿ. ನಾಟಕದ ಕಂಪೆನಿ ಇದಲ್ಲ," ಎಂದು ಹೋದ. ಕೊಟ್ಟಿಗೆಯ ಚರಕಗಳು ಮತ್ತೆ ತಿರುಗಿದವು. ಬಾಗಿಲ ಪಕ್ಕದ ಒಲೆಯ ಚರಕ ಮಾತ್ರ ಸ್ವಲ್ಪ ಹೊತ್ತು ನಿಂತಿತ್ತು.

ಮರುದಿನ ಬೆಳಿಗ್ಗೆ ಸಪ್ಪಲಮ್ಮ ಬರುವಷ್ಟರಲ್ಲಿ ಅಮ್ಮಯಮ್ಮ ಮೂಲೆಯಲ್ಲಿದ್ದಳು. ಸಗಣಿ ನೀರಿನ ಕೊಡ ತಂದು ಸಪ್ಪಲಮ್ಮ ಕೂರುವ ಜಾಗ ಸಾರಿಸುತ್ತಿದ್ದಳು. ಬಾಣಲೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದಳು. ತೊಳೆದದ್ದನ್ನು ಮತ್ತೊಮ್ಮೆ ತೊಳೆದಳು. ಸಪ್ಪಲಮ್ಮನ ಮೈಯೆಲ್ಲ ಉರಿದುಹೋಯಿತು.

"ನಾನು ಕೂತಿದ್ದ ಜಾಗ ಅಷ್ಟು ಹೊಲಸಾಗಿತ್ತಾ?"

"ಆಗಿತ್ತೋ ಇಲ್ವೋ, ನನ್ ಮನಸ್ಸಿಗೆ ಬೇಕಲ್ಲ. ಹೋಗ್ ಅತ್ಲಾಗೆ. ಬಾಗಿಲ ಹತ್ರ ಕೂತ್ಕೊ."

"ಯಾಕೆ?"

"ನಿನ್ ಮೇಲಿನ ಪ್ರೀತಿಗಲ್ಲ ಕಣೇ. ಇಡೀ ದಿನ ನಿನ್ ಕೆಮ್ಮು ಕೇಳಕಾಗಲ್ಲ. ನಿನ್ನೆ ನೀನು ಬಾಣಲೆಗೆ ಬಿದ್ದಿದ್ರೆ ನನ್ ಕಣ್ಣಿಂದ ಅದು ಹೋಗ್ತಿತ್ತಾ? ಒಂದು ವಾರ ನಾನು ಕೂರ್ತೀನಿ. ಆಮೇಲೆ ಯಾರಾದ್ರೂ ಕೂರ್ಲಿ. ಹೋಗು, ನಿಂತ್ಕೊಂಡ್ರೆ ನೂಲು ಬರಲ್ಲ."

ಸಪ್ಪಲಮ್ಮ ಬಾಗಿಲ ಬಳಿ ಕೂತಳು. ತಂಗಾಳಿ ಮುಖಕ್ಕೆ ಬೀಸಿತು. ತೊಳೆಸಿಕೊಂಡ ಅವಮಾನ ಒಂದು ಕಡೆ ಕುಟುಕುತ್ತಿತ್ತು. ಗಾಳಿಗೆ ಎದೆ ತಾನಾಗಿ ಹಗುರಾಗುತ್ತಿತ್ತು. ಎರಡೂ ಒಟ್ಟಿಗೇ ನಡೆದದ್ದಕ್ಕೆ ಅವಳಿಗೆ ಅಳು ಬಂತು. ಹೊಗೆ ಇಲ್ಲದ ಕಡೆ ಅಳಲು ನೆಪವಿಲ್ಲವಲ್ಲ ಎಂದು ಅದಕ್ಕೂ ಸಿಟ್ಟು ಬಂತು.

ಮೇಸ್ತ್ರಿ ಬಂದು ಅಮ್ಮಯಮ್ಮನನ್ನು ಮೂಲೆಯಲ್ಲಿ ನೋಡಿ ಹುಬ್ಬು ಗಂಟಿಕ್ಕಿದ. "ಏನಪ್ಪಾ, ನೂಲು ಬರ್ತೈತಲ್ಲ? ಯಾರ ಕೈಯಿಂದ ಬಂದ್ರೆ ನಿಂಗೇನು?" ಎಂದಳು ಅವಳು. ಧಣಿಯ ಕಡೆಯವಳೆಂದು ಅವನು ಆವತ್ತು ಬಾಯಿಗೆ ಬಂದದ್ದನ್ನು ನುಂಗಿಕೊಂಡ. ಮುಂದಿನ ವಾರ ಸೊಣ್ಣಮ್ಮ ಯಾರಿಗೂ ಹೇಳದೆ ಕೇಳದೆ ಮೂಲೆಗೆ ಹೋಗಿ ಕೂತಳು. ಅದರ ಮುಂದಿನ ವಾರ ಇನ್ನೊಬ್ಬಳು. ತಮ್ಮ ಸರದಿ ಬಂದಾಗ ಗೊಣಗದವರು ಒಬ್ಬರೂ ಇರಲಿಲ್ಲ. ತಪ್ಪಿಸಿಕೊಂಡವರೂ ಇರಲಿಲ್ಲ.

ಹೀಗಿರುವಾಗ ಆಷಾಢ ಹಿಡಿಯಿತು. ನಂದಿಬೆಟ್ಟ ಮೋಡದಲ್ಲಿ ಮುಳುಗಿ ಕಾಣದಾಯಿತು. ಜಿಟಿಜಿಟಿ ಮಳೆ ಬಿಡಲಿಲ್ಲ. ಅದೇ ಹೊತ್ತಿಗೆ ಮೇಸ್ತ್ರಿ ಅಗ್ಗಕ್ಕೆ ಸಿಕ್ಕಿತೆಂದು ಗಾಡಿಗಟ್ಟಲೆ ಗೂಡು ತಂದು ಸುರಿಸಿದ. ಗೂಡನ್ನು ಬಿಸಿಲಿಗೆ ಹರವಿದರೆ ಒಳಗಿನ ಹುಳ ಸಾಯುತ್ತದೆ. ಬಿಸಿಲಿಲ್ಲದಿದ್ದರೆ ಹುಳ ಚಿಟ್ಟೆಯಾಗಿ ಗೂಡು ಕೊರೆದು ಹೊರಗೆ ಬರುತ್ತದೆ, ತೂತಾದ ಗೂಡು ನೂಲಿಗೆ ಬಾರದು. ಬೇಗ ಬೇಗ ಬಿಚ್ಚುವುದೊಂದೇ ದಾರಿ. ಮೇಸ್ತ್ರಿ ಕೋಳಿ ಕೂಗುವ ಹೊತ್ತಿಗೇ ಎಲ್ಲರನ್ನೂ ಕರೆಸಿದ. ಹಸಿ ಸೌದೆಯ ಹೊಗೆ ಮೊದಲಿಗಿಂತ ಎರಡರಷ್ಟು. ಗೂಡು ಕೆಡುವ ಹೆದರಿಕೆಗೆ ಅವನ ಸಿಟ್ಟೂ ಅಷ್ಟೇ ಏರಿತ್ತು. ಆ ವಾರ ಮೂಲೆ ಮತ್ತೆ ಅಮ್ಮಯಮ್ಮನದು, ಬಾಗಿಲ ಪಕ್ಕದ ಒಲೆ ಸಪ್ಪಲಮ್ಮನದು.

"ದೊಡ್ಡ ಮನೆ ಹೆಂಗಸು ಹೊಗೇಲಿ, ಆ ಕೇರಿಯೋಳು ಗಾಳೀಲಿ," ಎಂದು ಅವನು ಕೂಗಿದ. "ಇದು ಧಣಿಗೇ ಅವಮಾನ. ಸಪ್ಲಮ್ಮ, ಮೂಲೆಗೆ ಹೋಗು. ಇನ್ಮುಂದೆ ಅದು ನಿಂದೇ ಜಾಗ. ಸಾಯೋವರ್ಗೂ."

ಸಪ್ಪಲಮ್ಮ ಕೈ ಒರೆಸಿಕೊಂಡು ಎದ್ದಳು. "ಸರದಿ ಬಂದಾಗ ಕೂರ್ತೀನಿ ಸಾಮಿ. ಶಿಕ್ಷೆಗೆ ಕೂರಲ್ಲ."

"ಹಾಗಾದ್ರೆ ನಡಿ ಆಚೆಗೆ. ನಿನ್ನಂಥೋರು ರಾಗಿಗೆ ಬಾಯಿ ಬಿಟ್ಕೊಂಡು ನೂರು ಜನ ಅವ್ರೆ."

ಅವಳು ಅತ್ತೆಯನ್ನು ನೆನೆದಳು, ಮಕ್ಕಳನ್ನು ನೆನೆದಳು. ಒಂದು ಗಳಿಗೆ ಮೂಲೆಯ ಕಡೆ ನೋಡಿದಳು ಕೂಡ. ಆಮೇಲೆ ಗೋಣಿತಾಟು ತಲೆಗೆ ಕೊಪ್ಪೆ ಹಾಕಿಕೊಂಡು ಮಳೆಗೆ ಇಳಿದಳು.

ತೋಪಿನವರೆಗೂ ಹೋಗಿರಲಿಲ್ಲ, ಹಿಂದೆ ಕೆಸರಲ್ಲಿ ಹೆಜ್ಜೆ ಸಪ್ಪಳ ಕೇಳಿತು. ತಿರುಗಿದಳು. ಅಮ್ಮಯಮ್ಮ ಕೆಮ್ಮುತ್ತಾ ಬರುತ್ತಿದ್ದಳು. ಅವಳ ಹಿಂದೆ ಸೊಣ್ಣಮ್ಮ, ಸೊಣ್ಣಮ್ಮನ ಹಿಂದೆ ಇಡೀ ಕೊಟ್ಟಿಗೆ. ಬೆಂದ ಗೂಡುಗಳನ್ನು ಬಾಣಲೆಯಲ್ಲೇ ಬಿಟ್ಟು ಬಂದಿದ್ದರು.

"ನೀವ್ಯಾಕೆ ಬಂದ್ರಿ?" ಎಂದಳು ಸಪ್ಪಲಮ್ಮ. ದನಿ ಒರಟಾಗಿಯೇ ಬಂತು.

"ನಿನ್ ಮುಖ ನೋಡಕಲ್ಲ," ಎಂದಳು ಅಮ್ಮಯಮ್ಮ. "ಇವತ್ತು ನಿನ್ನ ಅಟ್ಟಿದ. ನಾಳೆ ನಾನು ಕೆಮ್ಮಿ ಕೆಮ್ಮಿ ಬಿದ್ರೆ ನನ್ನ ಅಟ್ತಾನೆ. ಮೈದುನರು ಅಟ್ಟಿದಾಗ ನನ್ ಹಿಂದೆ ಒಂದು ನಾಯೀನೂ ಬರ್ಲಿಲ್ಲ. ಅದು ಹೆಂಗಿರ್ತದೆ ಅಂತ ನಂಗೊತ್ತು."

ಹುಣಸೆ ಮರದ ಬುಡದಲ್ಲಿ ಒತ್ತಿಕೊಂಡು ನಿಂತರು. ಮೇಸ್ತ್ರಿ ಬಂದು ಬೆದರಿಸಿದ, ಬೆತ್ತ ಎತ್ತಿದ, ಹೊಡೆಯುವಷ್ಟು ಎದೆ ಇಲ್ಲದೆ ಇಳಿಸಿದ. ಬೇರೆ ಆಳು ತರುತ್ತೇನೆಂದು ಕೇರಿ ಕಡೆ ಹೋದ. ಬಾಣಲೆಗೆ ಕೈಯಿಟ್ಟು ಅಭ್ಯಾಸವಿಲ್ಲದವರು ಒಂದು ದಿನದಲ್ಲಿ ಎಳೆ ಹಿಡಿಯಲಾರರೆಂದು ಅವನಿಗೇ ಗೊತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಧಣಿ ಅಪ್ಪಯ್ಯಣ್ಣನೇ ಕೊಡೆ ಹಿಡಿದು ಬಂದ. ಗೂಡಿನ ರಾಶಿಯ ಹತ್ತಿರ ಹೋಗಿ ಕೈಯಾಡಿಸಿದ. ಒಂದು ಗೂಡಿನ ತುದಿ ಒದ್ದೆಯಾಗಿ, ಅದರೊಳಗಿಂದ ಬಿಳಿ ಚಿಟ್ಟೆಯ ತಲೆ ಹೊರಗೆ ಬಂದಿತ್ತು. ಧಣಿಯ ಮುಖ ಕಪ್ಪಿಟ್ಟಿತು.

"ಏನಮ್ಮಯ್ಯಾ," ಎಂದ ತೋಪಿಗೆ ಬಂದು ಅಮ್ಮಯಮ್ಮನಿಗೆ. "ಅನ್ನ ಹಾಕಿದ ಮನೆಗೆ ಹಿಂಗಾ ಮಾಡೋದು? ಉಪಕಾರ ಅನ್ನೋದು ಬೇಡ್ವಾ?"

"ಅಣ್ಣಾ, ಆ ಮಾತು ಆಮೇಲಾಡು," ಎಂದಳು ಅಮ್ಮಯಮ್ಮ. "ಮೂಲೆ ಗೋಡೆಗೆ ಕಿಂಡಿ ಹೊಡ್ಸು. ಸರದಿ ನಾವು ಮಾಡ್ಕೋತೀವಿ, ನಿನ್ ಭಾಮೈದ ಅದಕ್ಕೆ ಬಾಯಿ ಹಾಕ್ಬಾರ್ದು. ಇವಳನ್ನೂ ಸೇರಿಸಿ ಎಲ್ರೂ ಒಳಕ್ಕೆ ಬರ್ತೀವಿ."

"ಅವಳು ತಪ್ಪಾಯ್ತು ಅನ್ಲಿ."

ಎಲ್ಲರೂ ಸಪ್ಪಲಮ್ಮನ ಕಡೆ ನೋಡಿದರು. ಮಳೆಯಲ್ಲಿ ನೆನೆದು ನಡುಗುತ್ತಿದ್ದ ಅಷ್ಟೂ ಜನ. ಒಂದು ಮಾತು, ಅಷ್ಟೇ. ಇವರಿಗಾಗಿ ಅಂದುಬಿಡಲೇ ಎಂದು ಅವಳ ನಾಲಿಗೆ ಅಲ್ಲಾಡಿತು.

"ಅಂದೀಯ ಮತ್ತೆ, ಜೋಕೆ," ಎಂದು ಅಮ್ಮಯಮ್ಮ ಹಲ್ಲು ಕಚ್ಚಿ ಪಿಸುಗುಟ್ಟಿದಳು.

ಸಪ್ಪಲಮ್ಮ ಅನ್ನಲಿಲ್ಲ. ಧಣಿ ಕಾದ. ಗೂಡಿನ ರಾಶಿಯಿದ್ದ ಕೊಟ್ಟಿಗೆಯ ಕಡೆ ಒಮ್ಮೆ ತಿರುಗಿ ನೋಡಿದ. "ಹೋಗಿ ಸಾಯ್ರಿ ಒಳಕ್ಕೆ," ಎಂದು ಕೊಡೆ ಮಡಚಿ ನೆಲಕ್ಕೆ ಕುಕ್ಕಿದ. "ಮಳೆ ಮುಗೀಲಿ, ನೋಡ್ಕೋತೀನಿ."

ಸಂಜೆಯೊಳಗೆ ಗೋಡೆಗೆ ಕಿಂಡಿ ಬಿತ್ತು. ಅರ್ಧದಷ್ಟು ಗೂಡು ಉಳಿಯಿತು, ಅರ್ಧ ತೂತಾಯಿತು. ಮುಂದಿನ ಸೋಮವಾರ ಮೇಸ್ತ್ರಿ ದೀಪ ಹಚ್ಚಿಸಿದ. ಸಾಲಾಗಿ ನಿಂತ ಹೆಂಗಸರಲ್ಲಿ ಒಬ್ಬಳೂ ಬಾಯಿ ತೆರೆಯಲಿಲ್ಲ. ಎಣ್ಣೆ ದಂಡವೆಂದು ಅವನೇ ಅದನ್ನು ಬಿಟ್ಟ. ರಾಗಿಯ ಮಣ್ಣು ಮಾತ್ರ ಕಡಿಮೆಯಾಗಲಿಲ್ಲ. ಮಳೆ ಮುಗಿದ ಮೇಲೆ ಧಣಿ ಹೇಳಿದಂತೆಯೇ ನೋಡಿಕೊಂಡ. ಒಂದು ದಿನ ಬಾರದವರ ಒಲೆಯನ್ನು ಬೇರೆಯವರಿಗೆ ಕೊಡುವುದು ಅನ್ನುವ ಹೊಸ ಕಟ್ಟಳೆ ಬಂತು.

ಸಪ್ಪಲಮ್ಮ ಅಮ್ಮಯಮ್ಮನಿಗೆ ಏನಾದರೂ ಹೇಳಬೇಕೆಂದು ತುಂಬ ದಿನ ಒದ್ದಾಡಿದಳು. ಉಪಕಾರ ಅನ್ನುವ ಮಾತು ಬಾಯಿಗೆ ಬಂದರೆ ಮಣ್ಣು ಕಚ್ಚಿದಂತಾಗುತ್ತಿತ್ತು. ಸಗಣಿ ನೀರಿನ ಅವಮಾನವನ್ನು ಅವಳು ಮರೆತಿರಲಿಲ್ಲ, ಮರೆಯುವ ಮನಸ್ಸೂ ಇರಲಿಲ್ಲ. ಅಮ್ಮಯಮ್ಮನೂ ತಂಬಿಗೆ ಒಟ್ಟಿಗೆ ಇಡಲಿಲ್ಲ.

ಕಾರ್ತಿಕದಲ್ಲಿ ಅಮ್ಮಯಮ್ಮ ಚಳಿಜ್ವರ ಬಂದು ಮಲಗಿದಳು. ಮೇಸ್ತ್ರಿ ಅವಳ ಒಲೆಗೆ ಹೊಸಬಳನ್ನು ಗೊತ್ತುಮಾಡಲು ಹೊರಟ. "ಅವಳ ಪಾಲಿನ ನೂಲು ನಿಮ್ಗೆ ಬಂದ್ರೆ ಸಾಕಲ್ವಾ ಸಾಮಿ?" ಎಂದು ಸಪ್ಪಲಮ್ಮ ಅಡ್ಡ ನಿಂತಳು. ಎಲ್ಲರಿಗಿಂತ ಮೊದಲು ಬಂದು, ಎಲ್ಲರೂ ಉಂಡು ಕಾಲು ಚಾಚುವ ಹೊತ್ತಲ್ಲೂ ಕೂತು, ಎರಡು ಬಾಣಲೆಯ ನೂಲು ಎಳೆದಳು. ಚರಕವನ್ನು ಸೊಣ್ಣಮ್ಮ ತಿರುಗಿಸಿಕೊಟ್ಟಳು. ಅಮ್ಮಯಮ್ಮನ ಪಾಲಿನ ರಾಗಿಯನ್ನು ಸೊಣ್ಣಮ್ಮನ ಕೈಲೇ ಕಳಿಸಿದಳು. ತಾನು ಕೊಂಡೊಯ್ದರೆ ಅವಳು ಬಾಗಿಲಲ್ಲೇ ನಿಲ್ಲಿಸುತ್ತಾಳೆಂದು ಗೊತ್ತಿತ್ತು.

ಜ್ವರ ಬಿಟ್ಟ ಮೇಲೆ ಅಮ್ಮಯಮ್ಮ ಕಡ್ಡಿಯಂತಾಗಿ ಬಂದಳು. ಯಾರನ್ನೂ ಏನೂ ಕೇಳದೆ ತನ್ನ ಒಲೆ ಮುಂದೆ ಕೂತು, ಚರಕದ ಮೇಲಿದ್ದ ನೂಲನ್ನು ಬೆರಳಲ್ಲಿ ಹೊಸೆದು ನೋಡಿದಳು.

"ದಪ್ಪ ಎಳೆದಿದ್ದೀಯ," ಎಂದಳು.

"ಎರಡು ಒಲೆ ಮಧ್ಯ ಓಡಾಡ್ಕೊಂಡು ಎಳ್ದು ನೋಡಿ, ಗೊತ್ತಾಗ್ತದೆ," ಎಂದಳು ಸಪ್ಪಲಮ್ಮ.

"ಗೊತ್ತಾಯ್ತು," ಎಂದಳು ಅಮ್ಮಯಮ್ಮ. ನೀರು ಕುದಿಯತೊಡಗಿತ್ತು. ಇಬ್ಬರೂ ಗೂಡು ಸುರಿದುಕೊಂಡು ಎಳೆ ಹುಡುಕತೊಡಗಿದರು.