ನೂರ ನಲವತ್ತು ಮಾತು

ಅಬ್ಬಿಗೆರೆಯ ಗಾರೆ ಮೇಸ್ತ್ರಿ ಅಶ್ವತ್ಥಪ್ಪನವರಿಗೆ ಲಕ್ವ ಹೊಡೆದದ್ದು 2014ರ ಸಂಕ್ರಾಂತಿ ಕಳೆದ ವಾರ. ಬಲಗೈ ಬಿದ್ದುಹೋಯಿತು. ಕಾಲು ಕೋಲಿನ ಆಸರೆಯಲ್ಲಿ ಹೇಗೋ ನಡೆಯುವಷ್ಟಾಯಿತು. ಮಾತು ಮಾತ್ರ ಬರಲಿಲ್ಲ. ಬೇರೆಯವರು ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ತಾವು ಹೇಳಲು ಹೋದರೆ ‘ತ್ತ, ತ್ತ’ ಎಂಬುದಷ್ಟೇ ಹೊರಡುತ್ತಿತ್ತು. ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುವಾಕೆ ಒಂದು ದಾರಿ ತೋರಿಸಿದರು. ಟ್ಯಾಬ್ಲೆಟ್‌ನಲ್ಲಿ ಫೋಟೋಗಳನ್ನು ಹಾಕಿ, ಒಂದೊಂದಕ್ಕೂ ಒಂದೊಂದು ಮಾತು ರೆಕಾರ್ಡ್ ಮಾಡುವುದು. ಅಶ್ವತ್ಥಪ್ಪ ಫೋಟೋ ಒತ್ತಿದರೆ ಅದು ಮಾತಾಡುತ್ತದೆ.

ಮಗಳು ಶಿಲ್ಪ ಆರ್.ಟಿ. ನಗರದ ಶಾಲೆಯೊಂದರಲ್ಲಿ ಕ್ಲರ್ಕ್. ಸಂಜೆ ಬಸ್ಸಿಳಿದು ಬಂದು ದಿನಕ್ಕೆ ಒಂದೋ ಎರಡೋ ಮಾತು ಸೇರಿಸುತ್ತಿದ್ದಳು. ನೀರು ಬೇಕು. ಮಾತ್ರೆ ಕೊಡಿ. ಫ್ಯಾನ್ ಹಾಕಿ. ನಾಲ್ಕು ತಿಂಗಳಲ್ಲಿ ನೂರ ನಲವತ್ತಾದವು.

ತೊಂದರೆ ಶುರುವಾದದ್ದು ಚಾರ್ಜಿನಿಂದ. ಒಂದು ದಿನ ವೋಲ್ಟೇಜ್ ಏರಿ ಚಾರ್ಜರ್ ಸುಟ್ಟುಹೋಯಿತು. ಅಂಗಡಿಯಿಂದ ತಂದ ಇನ್ನೊಂದನ್ನು ಹಾಕಿದರೆ ಪರದೆ ತನಗೆ ತಾನೇ ಏನೇನೋ ಒತ್ತಿಕೊಂಡು, ಅಶ್ವತ್ಥಪ್ಪ ಕೇಳದೆಯೇ ಹತ್ತು ಸಲ ನೀರು ಕೇಳಿತು. ಕೊನೆಗೆ ಉಳಿದದ್ದು ಮನೆಯ ಹಳೇ ಕಂಪ್ಯೂಟರ್. ಅದರ ಮುಂದಿನ ಪೋರ್ಟಿಗೆ ವೈರ್ ಸಿಕ್ಕಿಸಿದರೆ ‘ಚಾರ್ಜ್ ಆಗುತ್ತಿಲ್ಲ’ ಎಂದು ಬರುತ್ತಿತ್ತು. ಮೇಜಿನಡಿ ಮೊಣಕಾಲೂರಿ, ತಡಕಿ ಹಿಂದಿನ ಪೋರ್ಟಿಗೆ ಸಿಕ್ಕಿಸಿದರೆ ಆಗುತ್ತಿತ್ತು, ಅದೂ ಇಡೀ ರಾತ್ರಿಗೆ ಅರ್ಧ. ಸಿಕ್ಕಿಸಿದಾಗಲೆಲ್ಲ ಕಂಪ್ಯೂಟರ್ ‘ಸಿಂಕ್ ಮಾಡಲೇ?’ ಎಂದು, ಅಂದರೆ ಅದರಲ್ಲಿರುವುದನ್ನು ತನ್ನಲ್ಲೂ ನಕಲು ಮಾಡಿಟ್ಟುಕೊಳ್ಳಲೇ ಎಂದು ಕೇಳುತ್ತಿತ್ತು. ಸಿಂಕ್ ಆಗುವಷ್ಟು ಹೊತ್ತೂ ಚಾರ್ಜ್ ಏರುವುದಿಲ್ಲವೆಂದು ಶಿಲ್ಪ ಪ್ರತಿ ಸಲವೂ ‘ಬೇಡ’ ಒತ್ತುತ್ತಿದ್ದಳು.

ಜೂನ್ ತಿಂಗಳ ಒಂದು ಶನಿವಾರ ಬೆಳಗಿನಿಂದ ಸಂಜೆಯವರೆಗೆ ಕರೆಂಟಿಲ್ಲ ಎಂದು ಪೇಪರಿನಲ್ಲಿ ಬಂದಿತ್ತು. ಟ್ಯಾಬ್ಲೆಟ್‌ನಲ್ಲಿ ಉಳಿದಿದ್ದದ್ದು ಆರು ಪರ್ಸೆಂಟ್. ಶಿಲ್ಪ ಅದನ್ನು ತಮ್ಮ ಮಹೇಂದ್ರನ ಕೈಗೆ ಕೊಟ್ಟಳು. ಅವನಿಗೆ ಹೆಬ್ಬಾಳದ ಕೊರಿಯರ್ ಆಫೀಸಿನಲ್ಲಿ ಕೆಲಸ.

“ಚಾರ್ಜ್ ಮಾಡ್ಕೊಂಡ್ ಬಾರೋ. ಅಪ್ಪ ಕಾಯ್ತಿರ್ತಾರೆ.”

“ಸರಿ ಅಕ್ಕ, ಇಲ್ಲಿ ಕೊಡು.”

ಸಂಜೆ ಮಹೇಂದ್ರ ಬಂದಾಗ ಚಾರ್ಜ್ ತೊಂಬತ್ತು ದಾಟಿತ್ತು. ಅಶ್ವತ್ಥಪ್ಪ ಎಡಗೈ ಚಾಚಿ ಟ್ಯಾಬ್ಲೆಟ್ ಇಸಿದುಕೊಂಡು, ಕಾಫಿ ಲೋಟದ ಫೋಟೋ ಇರುತ್ತಿದ್ದ ಜಾಗ ಒತ್ತಿದರು. ಏನೂ ಬರಲಿಲ್ಲ. ಇನ್ನೊಂದು ಸಲ ಒತ್ತಿದರು. ಟ್ಯಾಬ್ಲೆಟ್ ತಿರುಗಿಸಿ ಹಿಂಬದಿ ನೋಡಿ, ಮತ್ತೆ ಮುಂದೆ ತಿರುಗಿಸಿ ಒತ್ತಿದರು. ಪರದೆ ಖಾಲಿಯಿತ್ತು.

ಶಿಲ್ಪ ಓಡಿಬಂದು ನೋಡಿದಳು. “ಏನ್ ಮಾಡ್ದೆ ಇದಕ್ಕೆ?”

“ಏನೂ ಮಾಡಿಲ್ಲ ಕಣಕ್ಕ. ಆಫೀಸ್ ಕಂಪ್ಯೂಟರ್‌ಗೆ ಹಾಕ್ದೆ. ಬೇರೆ ಕಂಪ್ಯೂಟರ್‌ದು ಇದೆ, ಅದನ್ನ ಅಳಿಸಿ ಸಿಂಕ್ ಮಾಡ್ಲಾ ಅಂತ ಏನೋ ಕೇಳ್ತು. ಯೆಸ್ ಅಂದ್ರೇನೇ ಚಾರ್ಜ್ ಆಗೋದು ಅನ್ಕೊಂಡೆ.”

“ಅಳಿಸಿ ಅಂತ ಬರ್ದಿದ್ದು ಓದಕ್ಕೆ ಬರಲ್ವಾ ನಿಂಗೆ?”

“ಗಾಡಿ ಲೋಡ್ ಆಗ್ತಿತ್ತು, ಎಲ್ರೂ ಕೂಗ್ತಿದ್ರು. ನೋಡ್ಲಿಲ್ಲ.”

ಕರೆಂಟ್ ಬಂದ ಕೂಡಲೇ ಅವಳು ಮನೆಯ ಕಂಪ್ಯೂಟರಿನಲ್ಲಿ ಹುಡುಕಿದಳು. ಮೊದಲ ವಾರ ಒಮ್ಮೆ ಸಿಂಕ್ ಮಾಡಿದ್ದಾಗಿನ ಹನ್ನೊಂದು ಫೋಟೋ ಇದ್ದವು, ಅಷ್ಟೇ. ಉಳಿದವು ಇಲ್ಲದ್ದಕ್ಕೆ ಕಾರಣ ತಾನೇ ಒತ್ತಿದ ‘ಬೇಡ’ ಎಂಬುದು ಹೊಳೆದಾಗ ಅವಳಿಗೆ ತಮ್ಮನ ಮೇಲಿದ್ದ ಸಿಟ್ಟು ದುಪ್ಪಟ್ಟಾಗಿ ತನ್ನ ಮೇಲೆಯೇ ತಿರುಗಿತು. ನಾಲ್ಕು ತಿಂಗಳ ಸಂಜೆಗಳು. ಮೌಸನ್ನು ಮೇಜಿಗೆ ಕುಕ್ಕಿದಳು.

ತಾಯಿ ಮುನಿಯಲ್ಲಮ್ಮ ಬಾಗಿಲಲ್ಲೇ ನಿಂತಿದ್ದರು. “ಇಂಗೆ ಕುಕ್ಕುದ್ರೆ ಬತ್ತದಾ? ನಿಮ್ಮಪ್ಪ ಗ್ವಾಡೆ ಕಡೆ ತಿರುಗಿ ಮಲ್ಗವ್ರೆ. ಊಟನೂ ಬ್ಯಾಡವಂತೆ. ಓಗಿ ಮಾತಾಡ್ಸು.”

ಮಾತಾಡಿಸಿದರೂ ಅಶ್ವತ್ಥಪ್ಪ ತಿರುಗಲಿಲ್ಲ.

ಭಾನುವಾರ ಬೆಳಗ್ಗೆ ಶಿಲ್ಪ ಮೊದಲಿನಿಂದ ಶುರುಮಾಡಿದಳು. ನೀರಿನ ಚೊಂಬಿನ ಫೋಟೋ ತೆಗೆದು ‘ನೀರು ಬೇಕು’ ಎಂದು ರೆಕಾರ್ಡ್ ಮಾಡಹೊರಟರೆ ಅಪ್ಪ ಅವಳ ಕೈ ತಳ್ಳಿದರು. ಮಾತ್ರೆ ಡಬ್ಬಿಗೂ ಅದೇ. ಮೂರನೆಯ ಸಲ ತಳ್ಳಿದಾಗ ಅವಳ ತಾಳ್ಮೆ ತಪ್ಪಿತು.

“ಮತ್ತಿನ್ನೇನಪ್ಪ ಬೇಕು? ನಂಗೆ ಹೆಂಗ್ ಗೊತ್ತಾಗ್ಬೇಕು?”

ಅವರು ಕೋಲು ಹಿಡಿದೆದ್ದರು. ಬಾಗಿಲು ದಾಟಿ, ಅಂಗಳ ದಾಟಿ ಕಾಂಪೌಂಡಿನ ಹತ್ತಿರ ಹೋಗಿ ನಿಂತರು. ಪಕ್ಕದ ಸೈಟಿನಲ್ಲಿ ಯಾರೋ ಮನೆ ಕಟ್ಟಿಸುತ್ತಿದ್ದರು. ಸೊಂಟದೆತ್ತರ ಎದ್ದ ಗೋಡೆಯ ಕಡೆಗೆ ಅಶ್ವತ್ಥಪ್ಪ ಗದ್ದ ಎತ್ತಿ ತೋರಿಸಿದರು.

“ಮನೆನಾ? ಇಟ್ಟಿಗೆನಾ? ಸಿಮೆಂಟಾ?”

ಒಂದೂ ಅಲ್ಲ. ಅವರು ಕೋಲನ್ನು ನೆಟ್ಟಗೆ ಹಿಡಿದು, ನಿಧಾನವಾಗಿ ಒಂದು ಕಡೆಗೆ ವಾಲಿಸಿದರು. ಮತ್ತೆ ಗೋಡೆ ತೋರಿಸಿದರು.

“ಸೊಟ್ಟ?”

ಅಶ್ವತ್ಥಪ್ಪ ಜೋರಾಗಿ ತಲೆಯಾಡಿಸಿದರು. ಶಿಲ್ಪ ಗೋಡೆಯ ಫೋಟೋ ತೆಗೆದು, ‘ಗೋಡೆ ಸೊಟ್ಟಗಿದೆ’ ಎಂದು ರೆಕಾರ್ಡ್ ಮಾಡಿ ಕೊಟ್ಟಳು. ಅವರು ಒತ್ತಿ ಕೇಳಿದರು. ಮುಖ ಕಿವುಚಿ, ಅವಳ ಗಂಟಲು ತೋರಿಸಿ, ಬೇಡವೆಂದು ಕೈಯಾಡಿಸಿದರು. ಆಮೇಲೆ ಜಗಲಿಯ ಮೇಲೆ ತಲೆ ತಗ್ಗಿಸಿ ಕುಳಿತಿದ್ದ ಮಹೇಂದ್ರನತ್ತ ಕೋಲು ಚಾಚಿದರು.

ಶಿಲ್ಪಳಿಗೆ ಆಗ ಅರ್ಥವಾಯಿತು. ಊರಿನ ಅರ್ಧ ಮನೆಗಳಿಗೆ ಪಾಯ ಹಾಕಿಸಿದ, ಮೂರನೇ ಅಂತಸ್ತಿನಿಂದ ಕೂಗಿದರೆ ರಸ್ತೆಗೆ ಕೇಳಿಸುತ್ತಿದ್ದ ಮನುಷ್ಯ ಇಷ್ಟು ದಿನ ಮಗಳ ಮೆದು ದನಿಯಲ್ಲಿ ನೀರು, ಮಾತ್ರೆ ಎಂದು ಬೇಡಿಕೊಂಡಿದ್ದರು. ಯಾವ ಮಾತು ಬೇಕು, ಯಾರ ದನಿ ಬೇಕು ಎಂದು ಅವರನ್ನು ಯಾರೂ ಕೇಳಿರಲಿಲ್ಲ.

“ಬಾರೋ ಇಲ್ಲಿ,” ಎಂದಳು. “ನೀನೇ ಹೇಳು. ಅಪ್ಪ ಹೇಳ್ತಿದ್ದಂಗೆ ಹೇಳು.”

ಮಹೇಂದ್ರ ಹಿಂಜರಿದ. ಮೊದಲ ಸಲ ಹೇಳಿದ್ದು ಸಾಲದೆಂದು ಅಪ್ಪ ಕೋಲು ಕುಟ್ಟಿದರು. ಎರಡನೆಯದೂ ಸಾಲದಾಯಿತು. ಮೂರನೇ ಸಲ ಅವನು ಎದೆ ತುಂಬ ಉಸಿರೆಳೆದು ಕೂಗಿದ: “ಏಯ್, ಗೋಡೆ ಸೊಟ್ಟಗೈತೆ! ತೂಕಗುಂಡು ಇಡ್ರಲಾ!”

ಅಶ್ವತ್ಥಪ್ಪ ಅದನ್ನು ಒತ್ತಿ ಎರಡು ಸಲ ಕೇಳಿದರು, ಮುಂದಿನದಕ್ಕೆ ಟ್ಯಾಬ್ಲೆಟ್ ಚಾಚಿದರು.

ಕೆಲಸ ಸುಲಭವಾಗಿರಲಿಲ್ಲ. ಒಂದು ಮಾತು ಊಹಿಸಲು ಅರ್ಧ ಗಂಟೆ ಹಿಡಿದದ್ದಿದೆ. ನಡುವೆ ಎರಡು ಸಲ ಅಪ್ಪ ಕೋಪದಿಂದ ಎದ್ದುಹೋದರು, ಒಂದು ಸಲ ಶಿಲ್ಪಳೇ ಎದ್ದುಹೋದಳು. ಸಂಜೆಯ ಹೊತ್ತಿಗೆ ಆದದ್ದು ಹದಿನೇಳು. ಮೇಜಿನಡಿ ತೂರಿ ವೈರ್ ಸಿಕ್ಕಿಸಿ, ಈ ಸಲ ಸಿಂಕ್‌ಗೆ ಹೂಂ ಎಂದು, ಅದು ಮುಗಿಯುವವರೆಗೆ ಅವಳು ಕುರ್ಚಿ ಬಿಟ್ಟು ಏಳಲಿಲ್ಲ.

ಸೋಮವಾರ ಮಧ್ಯಾಹ್ನ ಶಾಲೆಯಲ್ಲಿದ್ದಾಗ ಮುನಿಯಲ್ಲಮ್ಮನ ಫೋನು ಬಂತು.

“ಶಿಲ್ಪಾ, ನಿಮ್ಮಪ್ಪ ಬೆಳಗ್ಗಿಂದ ಕಾಂಪೌಂಡತ್ರನೇ ನಿಂತಿದ್ರು. ಅದುನ್ನ ಒತ್ತಿ ಒತ್ತಿ, ಪಕ್ಕದ ಮೇಸ್ತ್ರಿ ತಲೆ ಚಿಟ್ಟಿಡದು ಕೊನೆಗೆ ದಾರದಲ್ಲಿ ತೂಕಗುಂಡು ಇಳಿಬಿಟ್ಟು ನೋಡ್ದ. ಗ್ವಾಡೆ ಎರಡು ಬೆಳ್ಳು ವಾಲೈತಂತೆ. ಕಿತ್ತಾಕ್ತಾವ್ರೆ.”

“ಅಪ್ಪ ಏನಂದ್ರು?”

“ಏನಂತಾರೆ? ಬಂದು ಉಣ್ಣಾಕೆ ಕುಂತ್ರು. ಎರಡು ಮುದ್ದೆ ಉಂಡ್ರು.”